ಹದಿನಾಲ್ಕನೆಯ ದಿನ

ಬಸ್ ಡಿಪೋದಲ್ಲಿ ಅವನಿಗೆ ಟೈಂಟೇಬಲ್ ಎಂದೇ ಹೆಸರು. ಯಾವ ಬಸ್ಸು ಎಷ್ಟು ಗಂಟೆಗೆ ಎಲ್ಲಿಂದ ಹೊರಡಬೇಕು ಎಂದು ಗೀಟು ಹಾಕಿ ಬರೆಯುವುದು ಅವನ ಕೆಲಸ. ಬಸ್ಸು ತಡವಾದರೆ ತಪ್ಪು ಡ್ರೈವರನದು, ರಸ್ತೆಯದು, ಹತ್ತಿ ಇಳಿಯುವ ಜನರದು. ಪಟ್ಟಿಯದಂತೂ ಅಲ್ಲವೇ ಅಲ್ಲ. ಹನ್ನೆರಡು ವರ್ಷದ ನೌಕರಿಯಲ್ಲಿ ತಾನು ಬರೆದ ಒಂದು ಬಸ್ಸಿನಲ್ಲಾದರೂ ಕೂತು ಹೋಗಿ ನೋಡಿದವನಲ್ಲ.

ಮದುವೆಯಾಗಿ ಎರಡು ವರ್ಷಕ್ಕೆ, ಮಗು ಬೇಕೆಂದು ಗಂಡ ಹೆಂಡತಿ ಒಪ್ಪಿದ ದಿನವೇ ಅವನು ಸ್ಕೇಲು, ಪೆನ್ಸಿಲು ಹುಡುಕಿದ. ಯಾವುದೋ ಪುಸ್ತಕದಲ್ಲಿ ಒಂದು ಪುಟ ಓದಿದ್ದ. ಹೆಂಗಸಿನ ತಿಂಗಳಿಗೆ ಇಪ್ಪತ್ತೆಂಟು ದಿನ, ಅಂಡ ಬಿಡುಗಡೆಯಾಗುವುದು ಹದಿನಾಲ್ಕನೆಯ ದಿನ. ಎರಡನೆಯ ಪುಟ ತಿರುವುವ ಅಗತ್ಯ ಅವನಿಗೆ ಕಾಣಲಿಲ್ಲ. ಬೀರುವಿನ ಬಾಗಿಲಿನ ಒಳಮೈಗೆ ಪಟ್ಟಿ ಅಂಟಿಸಿದ. ಹನ್ನೆರಡರಿಂದ ಹದಿನೈದರವರೆಗಿನ ನಾಲ್ಕು ಚೌಕಗಳಿಗೆ ಕೆಂಪು ಬಣ್ಣ. ಮಿಕ್ಕ ದಿನಗಳಲ್ಲಿ ಶಕ್ತಿ ಪೋಲು ಮಾಡಬಾರದು ಎಂಬುದು ಅವನು ಸ್ವಂತವಾಗಿ ಸೇರಿಸಿದ ನಿಯಮ.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಕಣ್ಣಿನ ಪಾಪೆಗಳ ನಡುವಿನ ಅಂತರ ಅಳೆದು, ಅದಕ್ಕೆ ತಕ್ಕಂತೆ ಗಾಜು ಕೊರೆದು, ಚೌಕಟ್ಟಿಗೆ ಸೇರಿಸಬೇಕು. ಎರಡು ಮಿಲಿಮೀಟರ್ ತಪ್ಪಿದರೆ ಗಿರಾಕಿ ತಲೆ ಹಿಡಿದುಕೊಂಡು ವಾಪಸು ಬರುತ್ತಾನೆ. ಎಲ್ಲರಿಗೂ ಒಂದೇ ಅಳತೆಯ ಗಾಜು ಹಾಕುವ ದಡ್ಡನನ್ನು ಆ ಅಂಗಡಿ ಒಂದು ವಾರವೂ ಇಟ್ಟುಕೊಳ್ಳುತ್ತಿರಲಿಲ್ಲ.

ಅವಳ ತಿಂಗಳು ಹುಡುಗಿಯಾಗಿದ್ದಾಗಿನಿಂದಲೂ ಮೂವತ್ತಮೂರು, ಮೂವತ್ತನಾಲ್ಕು ದಿನದ್ದು. ಮೊದಲ ತಿಂಗಳೇ ಹೇಳಿದಳು.

"ಅದು ನಿನ್ನ ದೇಹದ ಅಶಿಸ್ತು. ಸರಿ ಹೋಗುತ್ತೆ ಬಿಡು" ಎಂದ.

ಸರಿ ಹೋಗಲಿಲ್ಲ. ಒಂದೂವರೆ ವರ್ಷ ಕೆಂಪು ಚೌಕಗಳು ಬಂದವು, ಹೋದವು. ಆ ನಾಲ್ಕು ದಿನ ಅವನು ಡಿಪೋದಿಂದ ನೇರ ಮನೆಗೆ ಬಂದು, ಕೈಕಾಲು ತೊಳೆದು, ಪರೀಕ್ಷೆ ಬರೆಯಲು ಹೊರಟವನ ಮುಖ ಮಾಡಿಕೊಳ್ಳುತ್ತಿದ್ದ. ಜೊತೆಯಲ್ಲೇ ಇದ್ದ ಅವಳ ಅತ್ತೆ ಆ ದಿನಗಳಲ್ಲಿ ಟೀವಿಯ ಸದ್ದು ಜೋರು ಮಾಡಿ, ತನಗೆ ಏನೂ ಗೊತ್ತಿಲ್ಲ ಎಂಬುದನ್ನು ಇಡೀ ಬೀದಿಗೆ ಸಾರುತ್ತಿದ್ದರು. ತಿಂಗಳ ಕೊನೆಗೆ ಮುಟ್ಟಾದಾಗ ಅವನು ಪಟ್ಟಿಯಲ್ಲಿ ಅಡ್ಡಗೆರೆ ಎಳೆದು, ನಾಲಿಗೆ ಲೊಚಗುಟ್ಟಿ, "ನನ್ನ ಕಡೆಯಿಂದ ಏನೂ ಕೊರತೆ ಇಲ್ಲಪ್ಪ" ಎನ್ನುತ್ತಿದ್ದ. ಮೊದಮೊದಲು ಅವಳು ಬಚ್ಚಲಿನಲ್ಲಿ ನಿಂತು ಅತ್ತಳು. ಆಮೇಲೆ ಆ ಲೊಚಗುಟ್ಟುವಿಕೆ ಕೇಳಿದರೆ ಅಳು ಬರುವುದರ ಬದಲು ಮೈ ಉರಿಯತೊಡಗಿತು.

ಒಂದು ದಿನ ಅಂಗಡಿಗೆ ಹೆರಿಗೆ ವಾರ್ಡಿನ ದಾದಿಯೊಬ್ಬಳು ಓದುವ ಕನ್ನಡಕಕ್ಕೆ ಬಂದಳು. ಐವತ್ತು ದಾಟಿದ, ಬಾಯಿಗೆ ಬೀಗವಿಲ್ಲದ ಹೆಂಗಸು. ಅಂತರ ಅಳೆಯುವಾಗ ಇಬ್ಬರ ಮುಖಗಳೂ ಹತ್ತಿರವಿರುತ್ತವೆ; ಆ ಹತ್ತಿರದಲ್ಲಿ ಅವಳು ಗಂಡನ ಪಟ್ಟಿಯ ಸಂಗತಿ ಹೇಳಿ, ಮೆಲ್ಲಗೆ ಕೇಳಿಯೇಬಿಟ್ಟಳು.

"ಹದಿನಾಲ್ಕನೇ ದಿನಾನಾ? ಯಾರಮ್ಮ ಹೇಳಿದ್ದು?" ಎಂದಳು ದಾದಿ.

"ನಮ್ಮನೆಯವ್ರು."

"ಅವ್ರಿಗೆ ಎಷ್ಟು ದಿನಕ್ಕೊಂದ್ಸಲ ಮುಟ್ಟಾಗುತ್ತಂತೆ?"

ಅವಳಿಗೆ ನಗು ತಡೆಯಲಾಗದೆ ಅಳತೆಪಟ್ಟಿ ಕೈಯಿಂದ ಜಾರಿತು.

ದಾದಿ ಬೆರಳು ಮಡಿಚಿ ಹೇಳಿದಳು. "ಹದಿನಾಲ್ಕು ಅನ್ನೋದನ್ನ ಹಿಂದಕ್ಕೆ ಎಣಿಸ್ಬೇಕು ಕಣೆ. ಮುಂದಿನ ಮುಟ್ಟಿಂದ ಹಿಂದಕ್ಕೆ. ಮೂವತ್ತನಾಲ್ಕು ದಿನ ಅಂದ್ರೆ ನಿಂದು ಹೆಚ್ಚುಕಮ್ಮಿ ಇಪ್ಪತ್ತನೇ ದಿನ. ಅಂಡ ಇರೋದು ಒಂದು ದಿನ. ಗಂಡಸಿಂದು ಒಳಗೆ ನಾಲ್ಕೈದು ದಿನ ತಡ್ಕೊಳ್ಳುತ್ತೆ. ಅದಕ್ಕೇ ಅದರ ಹಿಂದಿನ ಐದು ದಿನ, ಆ ದಿನ, ಅಷ್ಟೇ ಲೆಕ್ಕ. ಇದೂ ಅಂದಾಜೇ, ಒಂದೆರಡು ದಿನ ಅತ್ತಿತ್ತ ಆಗುತ್ತೆ. ಬಿಳಿ ಹೋಗೋದು ಮೊಟ್ಟೆ ಲೋಳೆ ಥರ ಎಳೆ ಎಳೆಯಾಗಿ ಬರುತ್ತಲ್ಲ, ಆಗ ಹತ್ರ ಬಂತು ಅಂತ ತಿಳ್ಕೋ. ಔಷಧಿ ಅಂಗಡೀಲಿ ಮೂತ್ರ ನೋಡೋ ಪಟ್ಟಿ ಸಿಗುತ್ತೆ, ಗೆರೆ ಗಾಢ ಆದ್ರೆ ಒಂದೂವರೆ ದಿನದೊಳಗೆ ಅಂಡ ಬರುತ್ತೆ. ಆರು ತಿಂಗಳು ನೋಡಿ, ಆಗ್ಲಿಲ್ಲ ಅಂದ್ರೆ ಇಬ್ರೂ ಡಾಕ್ಟರ್ ಹತ್ರ ಹೋಗಿ. ಇಬ್ರೂ ಅಂದೆ."

ಅಂದರೆ ಒಂದೂವರೆ ವರ್ಷ ಅವರಿಬ್ಬರೂ ಪ್ರತಿ ತಿಂಗಳೂ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಹೊಸಲಿನಿಂದ ವಾಪಸು ಹೋಗುತ್ತಿದ್ದರು. ಅವಳು ಪರೀಕ್ಷೆಯ ಪಟ್ಟಿ ಕೊಂಡಳು. ಹದಿನಾರು, ಹದಿನೇಳು, ಹದಿನೆಂಟು, ಮೂರು ದಿನವೂ ಗೆರೆ ಮಸುಕು. ಹತ್ತೊಂಬತ್ತನೆಯ ಬೆಳಿಗ್ಗೆ ಎರಡನೆಯ ಗೆರೆ ಮಸಿಯಲ್ಲಿ ಎಳೆದಂತೆ ಮೂಡಿತು. ಅವನು ಕನ್ನಡಿಯ ಮುಂದೆ ಬೈತಲೆ ತೆಗೆಯುತ್ತಿದ್ದ. ಆ ಗೆರೆ ತೋರಿಸಿ, ದಾದಿ ಹೇಳಿದ್ದನ್ನೆಲ್ಲ ಹೇಳಿದಳು.

ಅವನು ಬೀರು ತೆರೆದು ಚೌಕ ಎಣಿಸಿದ. "ಇವತ್ತು ಹತ್ತೊಂಬತ್ತು. ಗಾಡಿ ಹೋಗಿ ನಾಲ್ಕು ದಿನ ಆಯ್ತು."

"ಗಾಡಿ ಈಗ ಬರ್ತಾ ಇದೆ ಅಂತಾನೇ ಹೇಳ್ತಿರೋದು."

"ದಾದಿ ಮಾತು ಕೇಳ್ಕೊಂಡು ಪಟ್ಟಿ ಬದಲಾಯಿಸೋಕಾಗುತ್ತಾ? ಯಾರಾದ್ರೂ ಕೇಳಿದ್ರೆ ನಗ್ತಾರೆ." ಬಾಚಣಿಗೆಯನ್ನು ಜೇಬಿಗೆ ಸಿಕ್ಕಿಸಿ ಹೊರಟ. ಅಂದು ಸಂಜೆ ಕ್ಲಬ್ಬಿನಲ್ಲಿ ಕೇರಂ ಆಡಿ, ಗೆದ್ದ ಖುಷಿಯಲ್ಲಿ ಬಂದು, ಉಂಡು ಮಲಗಿದ.

ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲು ಎದುರಿಗಿರುವವನು ಸಮನಾಗಿರಬೇಕು. ಬಾಯಿ ಅರ್ಧ ತೆರೆದು ಮಲಗಿದವನನ್ನು ನೋಡಿ, ಇವನೊಡನೆ ವಾದ ಮಾಡುತ್ತ ಮುಟ್ಟು ನಿಲ್ಲುವ ವಯಸ್ಸಾದೀತು ಎಂದುಕೊಂಡಳು.

ಮುಂದಿನ ಸಲ ಮುಟ್ಟಾದಾಗ ಅವಳು ಬಾಯಿ ಬಿಡಲಿಲ್ಲ. ಅವನು ಬಟ್ಟೆ ಒಗೆದವನಲ್ಲ, ಕಸದ ಬುಟ್ಟಿ ಮುಟ್ಟಿದವನಲ್ಲ. ಮುಚ್ಚಿಡುವುದು ಏನೂ ಕಷ್ಟವಾಗಲಿಲ್ಲ. ಆರು ದಿನ ಕಳೆದ ಮೇಲೆ, "ಇವತ್ತಾದೆ" ಎಂದಳು. ನಲವತ್ತು ದಿನವಾಯಿತೆಂದು ಗೊಣಗುತ್ತ ಅವನು ಅದನ್ನೇ ಒಂದನೆಯ ದಿನವೆಂದು ಬರೆದುಕೊಂಡ. ಅವನ ಹದಿನಾಲ್ಕು ಈಗ ಅವಳ ಇಪ್ಪತ್ತು. ಕೆಂಪು ಚೌಕಗಳು ಬಂದವು. ಅವನು ಕೈಕಾಲು ತೊಳೆದು ಬಂದ. ಅತ್ತೆ ಟೀವಿ ಜೋರು ಮಾಡಿದರು.

ಅದೇ ಸುಳ್ಳಿನ ಮೂರನೆಯ ತಿಂಗಳು ಮುಟ್ಟು ನಿಂತಿತು.

ಅವಳ ಸಂತೋಷವನ್ನು ಅವಳು ಯಾರಿಗೂ ತೋರಿಸದೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಕೊರೆಯುವ ಯಂತ್ರದ ಸದ್ದಿನಲ್ಲಿ ಒಬ್ಬಳೇ ಅನುಭವಿಸಿದಳು. ಅವನದೋ ಮೆರವಣಿಗೆ. ಸ್ಕ್ಯಾನಿಂಗಿಗೆ ಪಟ್ಟಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಂದ. ವೈದ್ಯೆ ಅವನು ಕೊಟ್ಟ ತಾರೀಖು ನೋಡಿ, ಪರದೆ ನೋಡಿ, "ದಿನದ ಲೆಕ್ಕ ಸರಿಯಾಗಿದೆ" ಎಂದರು. ಹೇಗೆ ತಪ್ಪೀತು? ಸುಳ್ಳು ತಾರೀಖಿನ ಪ್ರಕಾರ ಅವಳು ಪುಸ್ತಕದ ಮಾದರಿ ಹೆಂಗಸೇ ಆಗಿದ್ದಳು. ಅವನು ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದ. ಅವಳು ಚಾವಣಿ ನೋಡಿದಳು. ಅದಾದ ಮೇಲೆ ಡಿಪೋದಲ್ಲಿ ಹೊಸದಾಗಿ ಮದುವೆಯಾದ ಕಂಡಕ್ಟರುಗಳೆಲ್ಲ ಪಟ್ಟಿಯ ಜೆರಾಕ್ಸ್ ಪಡೆದರು, ಬೇಕಿದ್ದವರೂ, ಬೇಡದವರೂ.

ಇಷ್ಟಕ್ಕೇ ನಿಂತಿದ್ದರೆ ಅವಳು ಜೀವಮಾನವಿಡೀ ಒಳಗೊಳಗೇ ನಕ್ಕುಕೊಂಡು ಸುಮ್ಮನಿರುತ್ತಿದ್ದಳು.

ಅವನ ತಂಗಿ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಣ್ಣನೆಂದರೆ ಭಯಭಕ್ತಿ. ಅತ್ತಿಗೆ ತುಂಬು ಬಸುರಿಯಾಗಿದ್ದಾಗ ಒಂದು ಭಾನುವಾರ ಊಟಕ್ಕೆ ಬಂದವಳು ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದಳು.

"ಏನಾಯ್ತು, ಇನ್ನೂ ಆಗ್ಲಿಲ್ವಾ?" ಎಂದ ಅವನು. "ಪಟ್ಟಿ ಕೊಟ್ಟು ಏಳು ತಿಂಗಳಾಯ್ತು."

"ಹಾಗೇ ಮಾಡ್ತಿದೀವಿ ಅಣ್ಣ."

"ಹಾಗೇ ಮಾಡಿದ್ರೆ ಹೇಗೆ ಆಗಲ್ಲ? ನಿನ್ನಲ್ಲೇ ಏನೋ ದೋಷ ಇರ್ಬೇಕು. ನೋಡು ಇವಳನ್ನ, ಸರಿಯಾಗಿ ಪಾಲಿಸಿದ್ಳು, ಆಯ್ತು."

ತಂಗಿಯ ಕಣ್ಣೀರು ಅನ್ನದ ಮೇಲೆ ಬಿತ್ತು. ಬಚ್ಚಲಿನಲ್ಲಿ ತಾನೂ ಹೀಗೇ ನಿಂತು ಅತ್ತದ್ದು ಅತ್ತಿಗೆಗೆ ನೆನಪಾಯಿತು. ಇಷ್ಟು ದಿನ ತಾನು ನಕ್ಕುಕೊಂಡು ಕೂತದ್ದರಿಂದಲೇ ಈ ಹುಡುಗಿ ಏಳು ತಿಂಗಳು ಸವೆದಳು ಎಂದು ತನ್ನ ಮೇಲೂ ಹೇಸಿಗೆಯಾಯಿತು.

"ನಿಂಗೆ ಎಷ್ಟು ದಿನಕ್ಕೆ ಆಗುತ್ತೆ?" ಎಂದು ನಾದಿನಿಯನ್ನು ಕೇಳಿದಳು.

"ಇಪ್ಪತ್ನಾಲ್ಕು, ಇಪ್ಪತ್ತೈದು ಅತ್ತಿಗೆ."

"ಹಾಗಾದ್ರೆ ನಿಂದು ಹತ್ತೋ ಹನ್ನೊಂದೋ ದಿನಕ್ಕೆ ಮುಗಿದುಹೋಗಿರುತ್ತೆ. ಹನ್ನೆರಡಕ್ಕೆ ಶುರು ಮಾಡಿದ್ರೆ ಏನಾಗುತ್ತೆ? ನಿನ್ನ ದೋಷ ಅಲ್ಲ, ಪಟ್ಟಿ ದೋಷ."

"ನಿನಗೆ ಅದರಿಂದ್ಲೇ ಆಯ್ತಲ್ಲ!" ಎಂದ ಅವನು.

"ನಾನು ಸುಳ್ಳು ದಿನ ಹೇಳಿದ್ದೆ. ಆರು ದಿನ ತಡ ಮಾಡಿ."

ಅವನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಅಂದ್ರೆ... ನಾನು ಬರೆದಿದ್ದೆಲ್ಲ ತಪ್ಪಾ? ತಾರೀಖೆಲ್ಲ?"

ಒಂದೂವರೆ ವರ್ಷ ಹೋದದ್ದಲ್ಲ, ತಂಗಿ ಅಳುತ್ತಿರುವುದಲ್ಲ. ಅವನಿಗೆ ತಾರೀಖುಗಳ ಚಿಂತೆ. ಅವಳು ಅವನನ್ನು, ಗಿರಾಕಿ ಬಿಟ್ಟುಹೋದ ಒಡಕು ಕನ್ನಡಕವನ್ನು ನೋಡುವಂತೆ ಒಂದು ಕ್ಷಣ ನೋಡಿದಳು.

"ನನ್ನ ಹತ್ರ ಹೇಳ್ಬಹುದಿತ್ತು" ಎಂದ, ತಗ್ಗಿದ ದನಿಯಲ್ಲಿ.

"ಹೇಳಿದ್ದೆ. ನೀವು ಕೇರಂ ಆಡೋಕೆ ಹೋದ್ರಿ."

ಅತ್ತೆ ಮೊದಲು ಕೆಮ್ಮಿದರು, ಆಮೇಲೆ ಅದು ಕೆಮ್ಮಲ್ಲ ನಗು ಎಂದು ಎಲ್ಲರಿಗೂ ತಿಳಿಯಿತು. "ಇವನ ಅಪ್ಪನೂ ಹೀಗೇ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನು ಎದ್ದು ಕೈ ತೊಳೆಯಲು ಹೋದ.

ಅವಳು ನಾದಿನಿಯನ್ನು ದಾದಿಯ ಹತ್ತಿರ, ಅಲ್ಲಿಂದ ವೈದ್ಯೆಯ ಹತ್ತಿರ ಕರೆದೊಯ್ದಳು. ನಾದಿನಿಯ ಗಂಡ ತಪಾಸಣೆಗೆ ಬರಲು ಮೊದಲು ಜಗ್ಗಾಡಿದ, ಆಮೇಲೆ ಬಂದ. ದೋಷವೇನೂ ಇರಲಿಲ್ಲ. ಏಳನೆಯ ದಿನದಿಂದ ಲೆಕ್ಕ ಹಿಡಿದರು. ಐದು ತಿಂಗಳು ಏನೂ ಆಗಲಿಲ್ಲ, ಆರನೆಯದಕ್ಕೆ ನಿಂತಿತು. ಅಷ್ಟರಲ್ಲಿ ಇವಳಿಗೆ ಹೆಣ್ಣುಮಗು ಹುಟ್ಟಿ, ಗಟ್ಟಿ ಅನ್ನ ತಿನ್ನುವಷ್ಟಾಗಿತ್ತು.

ತಂಗಿಯ ಸುದ್ದಿ ಕೇಳಿ ಡಿಪೋದ ಇಬ್ಬರು ಮನೆಗೆ ಬಂದಿದ್ದರು. "ನಮ್ಮ ಮನೇಲಿ ಎರಡು" ಎಂದು ಅವನು ಹೇಳುವುದು ಹೊರಗಿನ ಕೋಣೆಯಿಂದ ಕೇಳಿಸಿತು. "ಎಲ್ಲಾ ಲೆಕ್ಕಾಚಾರ. ಒಬ್ಬೊಬ್ಬರಿಗೆ ಒಂದೊಂದು ದಿನ ಇರುತ್ತೆ ಕಣ್ರೀ, ಅದನ್ನ ಕಂಡುಹಿಡೀಬೇಕು. ನಾನೇ ಕೂತು ಕಂಡುಹಿಡಿದೆ."

ಅವಳು ಒಳಗೆ ಮಗುವಿನ ಬಾಯಿ ಒರೆಸಿ, ಇನ್ನೊಂದು ತುತ್ತು ಕಲಸಿದಳು.