ಪ್ರಾನಾಸನ ಜಾಗಕ್ಕಿಟ್ಟ ಕುರ್ಚಿ

ಇದನ್ನು ಹೇಳಲು ನಾನು ಯಾರೂ ಅಲ್ಲ. ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ, ಆದರೆ ಅವರು ಬಾಯಿ ಬಿಡುವುದಿಲ್ಲ. ತಪ್ಪಿದ್ದರೆ ಕ್ಷಮಿಸಿ.

ಅರವತ್ತೇಳರ ಜನವರಿ, ಶಿಕಾಗೋ. ಆ ವಾರದ ಮೊದಲಲ್ಲಿ ಚಳಿಯೇ ಇರಲಿಲ್ಲ, ಅಲ್ದೋನಾ ಕೋಟಿಲ್ಲದೆ ಹಿತ್ತಲಲ್ಲಿ ಬಟ್ಟೆ ಒಣಹಾಕಿದ್ದಳು. ಗುರುವಾರ ಬೆಳಿಗ್ಗೆ ಹಿಡಿದ ಹಿಮ ಮಧ್ಯಾಹ್ನಕ್ಕೆ ಬಸ್ಸುಗಳನ್ನು ನಿಂತಲ್ಲೇ ಹೂತುಹಾಕಿತು. ಸಂಜೆ ಗಂಡ ಪ್ರಾನಾಸ್ ದಾರಿಯ ಒಂದು ಹೆಂಡದಂಗಡಿಯಿಂದ ಫೋನ್ ಮಾಡಿದ. ಕಾರು ತೆವಳುತ್ತಿದೆ, ಅಂಗಡಿಯವನು ಎಲ್ಲರಿಗೂ ನೆಲದ ಮೇಲೆ ಹಾಸಿಗೆ ಹಾಕುತ್ತಿದ್ದಾನೆ, ಉಳಿದುಬಿಡಲೇ ಎಂದು ಕೇಳಿದ.

"ಹೆಂಡದಂಗಡೀಲಿ ಮಲಗೋಕೆ ನಿಂಗೊಂದು ನೆಪ ಬೇಕಿತ್ತು," ಎಂದಳು ಅಲ್ದೋನಾ. "ಕಾರು ತಗೊಂಡು ಬಾ. ಜಾಗ ನಾನು ಮಾಡಿಡ್ತೀನಿ."

ಅವನು ನಕ್ಕ. "ಕುರ್ಚಿ ಇಡೋದು ಮರೀಬೇಡ ಕಣೇ. ಇಲ್ದಿದ್ರೆ ಕೆಳಮನೆ ಹರ್ಲಿ ಜಾಗ ನುಂಗ್ಬಿಡ್ತಾನೆ."

ಅವರ ಬೀದಿಯಲ್ಲಿ ಕಾರು ನಿಲ್ಲಿಸುವ ಜಾಗ ಹಿಮ ತೋಡಿದವರದೇ. ತೋಡಿದವರು ಅಡುಗೆಮನೆಯ ಕುರ್ಚಿಯೊಂದನ್ನು ತಂದಿಟ್ಟರೆ ಮುಗಿಯಿತು, ಅದನ್ನು ಯಾರೂ ಮುಟ್ಟುವಂತಿಲ್ಲ. ಅಲ್ದೋನಾ ಸಲಿಕೆ ಹಿಡಿದು ಕಾರಿನಷ್ಟು ಉದ್ದಕ್ಕೆ ತೋಡಿದಳು, ಕುರ್ಚಿ ಇಟ್ಟಳು. ಮತ್ತೆ ತುಂಬಿತು, ಮತ್ತೆ ತೋಡಿದಳು.

ಪ್ರಾನಾಸ್ ಬರಲಿಲ್ಲ. ಶುಕ್ರವಾರ ಹಿಮ ನಿಂತಿತು. ಹೆಂಡದಂಗಡಿಯವನು, ಫೋನ್ ಇಟ್ಟ ಕೂಡಲೇ ಹೊರಟನಲ್ಲ ಎಂದ. ಪೊಲೀಸರು ಕಾಯಿರಿ ಎಂದರು. ಕೆಳಮನೆಯ ಮುದುಕ ಹರ್ಲಿ, ನಿಮ್ಮ ಕುರ್ಚಿಗೆ ನೆಗಡಿಯಾದೀತು, ಒಂದು ಶಾಲು ಹೊದಿಸಿ ಎಂದು ಛೇಡಿಸಿದ. ಅವಳ ಮುಖ ನೋಡಿದವನು ಟೋಪಿ ಕೆಳಗೆಳೆದುಕೊಂಡು ಒಳಗೆ ಹೋದ. ಅಂಗೈ ಬೊಬ್ಬೆಗಳು ಒಡೆದರೂ ಅವಳು ಅಂಚು ಕುಸಿದಾಗಲೆಲ್ಲ ತೋಡುತ್ತಲೇ ಇದ್ದಳು. ಜಾಗ ಮುಚ್ಚಿಹೋದರೆ ಅವನು ಎಲ್ಲಿಗೆ ಬರಬೇಕು?

ಶನಿವಾರ ಹರ್ಲಿಯ ಹೆಂಡತಿಗೆ ಎದೆನೋವು ಬಂತು. ಹಿಮ ತಳ್ಳುವ ಲಾರಿಯ ಬೆನ್ನಿಗೆ ಆಂಬುಲೆನ್ಸ್ ಬಂತು. ದಾರಿ ಒಂದು ಗಾಡಿಯಷ್ಟೇ ಅಗಲ, ಹಿಂದೆ ಸಾಲುಸಾಲು ಗಾಡಿಗಳು. ಪಕ್ಕಕ್ಕೆ ನಿಲ್ಲಲು ಇದ್ದದ್ದು ಆ ಕುರ್ಚಿಯ ಜಾಗ ಮಾತ್ರ.

ಹರ್ಲಿ ಬರಿಯ ಅಂಗಿಯಲ್ಲೇ ಓಡಿಬಂದು ಕುರ್ಚಿಯ ಮುಂದೆ ನಿಂತ. ಕೈ ಚಾಚಿದ, ಹಿಂದಕ್ಕೆಳೆದುಕೊಂಡ.

"ಅಮ್ಮಾ, ನೀವೇ ತೆಗೀಬೇಕು."

"ಅವನು ಬರ್ತಾ ಇದಾನೆ," ಎಂದಳು ಅಲ್ದೋನಾ. ಎರಡೂ ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದಿದ್ದಳು.

"ಬರ್ತಾನೆ. ಬಂದ್ರೆ ನಾನೇ ಇನ್ನೊಂದು ಜಾಗ ತೋಡ್ಕೊಡ್ತೀನಿ. ಆದ್ರೆ ಇದನ್ನ ನಾನು ಮುಟ್ಟಲ್ಲಮ್ಮ."

ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಕುರ್ಚಿ ಎತ್ತಿದರೆ ಅವನಿಲ್ಲವೆಂದು ತಾನೇ ಒಪ್ಪಿದಂತೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಕೆಳಮನೆಯೊಳಗಿನಿಂದ ಮುದುಕಿಯ ನರಳಾಟ ಕೇಳಿಸಿತು. ಅಲ್ದೋನಾ ಕುರ್ಚಿ ಎತ್ತಿದಳು. ಎಲ್ಲಿಡಬೇಕೆಂದು ತಿಳಿಯದೆ, ಮುದುಕಿಯನ್ನು ಹೊತ್ತು ಗಾಡಿಗೇರಿಸುವವರೆಗೂ ಎದೆಗವಚಿಕೊಂಡೇ ನಿಂತಿದ್ದಳು.

ಹೆಂಡತಿಯ ಜೊತೆ ಗಾಡಿ ಹತ್ತುವ ಮೊದಲು ಹರ್ಲಿ ಹಿಂತಿರುಗಿ ನೋಡಿದ. "ಮತ್ತೆ ಇಟ್ಬಿಡಿ," ಎಂದ. ಅವಳು ಇಟ್ಟಳು.

ಮುದುಕಿ ಬದುಕಿದಳು. ಪ್ರಾನಾಸನ ಕಾರು ಆಮೇಲೆ ಒಂದು ರೈಲು ಸೇತುವೆಯ ಕೆಳಗೆ ಸಿಕ್ಕಿತು. ಬೀಗ ಹಾಕಿತ್ತು, ಒಳಗೆ ಯಾರೂ ಇರಲಿಲ್ಲ. ಅಲ್ಲಿಂದ ಅವನು ಮನೆಯ ಕಡೆ ನಡೆದನೋ, ಹೆಂಡದಂಗಡಿಯ ಕಡೆ ಹಿಂತಿರುಗಿದನೋ, ಯಾರಿಗೂ ಗೊತ್ತಾಗಲಿಲ್ಲ. ಅಲ್ದೋನಾ ಆ ಕುರ್ಚಿಯನ್ನು ಒಳಗೆ ತಂದದ್ದು ಯಾವಾಗ ಎಂಬುದೂ ನನಗೆ ಗೊತ್ತಿಲ್ಲ.