ನೂರಾ ಹತ್ತು ರತ್ತಲಿನ ಮಲ್ಲ

"ಲೇ ಗುಲಾಬ್ಯಾ, ತೊಟ್ಟಿಲದಾಗಿನ ಕೂಸಿನ ಜೋಡಿ ಕುಸ್ತಿ ಹಿಡ್ಯಾಕತ್ತೀಯಂತಲ್ಲೋ! ಗೆದ್ದ ಮ್ಯಾಲ ಅದರ ಕುಂಡಿ ನೀನ ತೊಳೀತೀಯೋ, ಅವರವ್ವನ್ನ ಕರಸ್ತಾರೋ?"

ದುರ್ಗದ ಬೈಲಿನ ಚಹಾದಂಗಡಿಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾತು ಒಗೆದವನು ಹತ್ತಿ ವ್ಯಾಪಾರಿ ನೀಲಕಂಠಪ್ಪ ಸಾವಕಾರ. ಗುಲಾಬಸಾಬ ದಿನಾಲು ಹತ್ತಿಯ ಅಂಡಿಗೆ, ಅಂದರೆ ಮೂಟೆ, ಹೊರುವುದು ಅವನ ಜಿನ್ನಿನಲ್ಲೇ, ಹತ್ತಿ ಬಿಡಿಸುವ ಗಿರಣಿಯಲ್ಲಿ. ಹೀಗಾಗಿ ಸಾವಕಾರನ ನಾಲಿಗೆಗೆ ಲಗಾಮು ಇರಲಿಲ್ಲ. ಅವನ ಕೈಯಲ್ಲಿ ಮಸಿ ಆರದ ಹ್ಯಾಂಡಬಿಲ್ಲು ಇತ್ತು. ಎಲ್ಲರಿಗೂ ಕೇಳುವಂತೆ ಓದಿದ: "ಹಂಗೇರಿ ದೇಶದ ಮಹಾಮಲ್ಲ ಯಾನೋಷ್, ತೂಕ ನೂರಾ ಹತ್ತು ರತ್ತಲು. ಹುಬ್ಬಳ್ಳಿಯ ಪೈಲ್ವಾನ ಗುಲಾಬಸಾಬ, ತೂಕ ನೂರಾ ಎಪ್ಪತ್ತೈದು ರತ್ತಲು."

ಗುಲಾಬಸಾಬ ಚಹಾದ ಬಸಿ ಕೆಳಗಿಟ್ಟ. ಮೀಸೆ ಮೂಡುವ ಮೊದಲೇ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವನು ಅವನು. ಇಷ್ಟು ವರ್ಷ ಸಿಕ್ಕದ್ದೆಲ್ಲ ತೆಂಗಿನಕಾಯಿ ಕುಸ್ತಿ: ದೊಡ್ಡ ಪೈಲ್ವಾನರು ಬರುವ ತನಕ ಮಂದಿಯನ್ನು ಕೂರಿಸಿಕೊಳ್ಳಲು ಆಡಿಸುವಂಥವು, ಗೆದ್ದರೆ ಒಂದು ಕಾಯಿ. ಈಗ ಮೊದಲ ಬಾರಿಗೆ ಹೆಸರು ಅಚ್ಚಾಗಿತ್ತು. ಒಂದು ಖರೇ ಕುಸ್ತಿ ಬೇಕು, ಊರು ತನ್ನನ್ನು ಪೈಲ್ವಾನ ಎನ್ನಬೇಕು ಎಂಬುದೊಂದೇ ಅವನ ಹಸಿವು. ಆ ಹಸಿವಿಗೆ ಊರು ಬಡಿಸಿದ್ದು ಕೂಸನ್ನೇ?

ಅಲ್ಲಿಂದ ಎದ್ದವನು ನೆಟ್ಟಗೆ ಗರಡಿಮನೆಗೆ ನುಗ್ಗಿದ. ಅವನಿಗೆ ಕುಸ್ತಿ ಕಲಿಸಿದ ವಸ್ತಾದ ಬಾಬುಸಾಬ ಮಣ್ಣಿಗೆ ಎಣ್ಣೆ ಹೊಯ್ದು ಕಲಸುತ್ತಿದ್ದ.

"ನಾ ಒಲ್ಲೆ ವಸ್ತಾದ್ರ. ಗೆದ್ರ ಮಂದಿ ನಗತೈತಿ, ಸೋತ್ರ ಊರ ಬಿಡಬೇಕಾಗ್ತೈತಿ."

"ಗುತ್ತಿಗೆದಾರಗ ಮಾತು ಕೊಟ್ಟೇನಿ ನಾನು. ಮೊದಲ ಅವನ ಮಾರಿ ನೋಡೂಣು, ಆಮ್ಯಾಲ ಒಲ್ಲೆ ಅನ್ನು."

ಮಾರಿ ಕಂಡದ್ದು ಮರುದಿನ ಸ್ಟೇಷನ್ನಿನಲ್ಲಿ. ಡಬ್ಬಿಯಿಂದ ಮೊದಲು ಒಂದು ಟ್ರಂಕು ಇಳಿಯಿತು, ಆಮೇಲೆ ಒಂದು ಕಾಲು, ಆಮೇಲೆ ಬಾಗಿಲಲ್ಲಿ ಅಡ್ಡಡ್ಡ ಹೊರಳಿ ಒಬ್ಬ ಮನುಷ್ಯ. ಹಾರ ಹಿಡಿದು ಬಂದಿದ್ದ ಕುಸ್ತಿ ಗುತ್ತಿಗೆದಾರ ಗುರುಸಿದ್ದಯ್ಯನ ಕೈ ಅವನ ಕೊರಳಿಗೆ ಮುಟ್ಟಲಿಲ್ಲ. ಕೂಸನ್ನು ನೋಡಿ ನಗಲು ಬಂದಿದ್ದ ಸಾವಕಾರನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

"ಇಂವ ನೂರಾ ಹತ್ತು?" ಎಂದ ವಸ್ತಾದ. "ನಡೀರಿ, ಜಿನ್ನಿನ ಕಾಟಾದ ಮ್ಯಾಲ ನಿಂದರಸ್ರಿ ಇವನ್ನ."

ಅಂಡಿಗೆ ತೂಗುವ ಕಾಟಾ ಇನ್ನೂರಾ ನಲವತ್ತೆರಡು ರತ್ತಲು ತೋರಿಸಿತು. ಯಾನೋಷ್ ಹೌಹಾರಿದ. ಕಾಟಾವನ್ನು ಬೈದ. ಒಂದು, ಒಂದು, ಸೊನ್ನೆ ಎಂದು ಬೆರಳಲ್ಲಿ ತೋರಿಸಿದ. ಮುಂಬೈ ನೀರು ಕುಡಿದು ನಾಲ್ಕಕ್ಷರ ಇಂಗ್ಲಿಷು ಕಲಿತಿದ್ದ ಗುರುಸಿದ್ದಯ್ಯ ಅವನ ಮಾತು ಕೇಳುತ್ತ ಕೇಳುತ್ತ ಬೆವೆತುಹೋದ.

"ಅವರ ದೇಶದಾಗ ರತ್ತಲು ಇಲ್ಲಂತ್ರಿ. ಕಿಲೋ ಅಂತ ಒಂದು ಐತಂತ. ಒಂದ್ ಕಿಲೋಕ್ಕ ನಮ್ಮ ಎರಡು ರತ್ತಲು, ಮ್ಯಾಲೊಂದು ಚೂರು. ಮುಂಬೈದಿಂದ ಬಂದ ತಾರಿನ್ಯಾಗ ಬರೇ ನೂರಾ ಹತ್ತು ಅಂತ ಇತ್ತು. ಬಿಳಿ ಮನಷ್ಯಾ ಅಂದ ಮ್ಯಾಲ ರತ್ತಲ ಅಲ್ಲೇನ್ರಿ? ಅಚ್ಚು ಹಾಕಿಸುವಾಗ ನಾನ ಸೇರಿಸಿದೆ."

"ಬಿಳಿ ಮಂದಿಗೆಲ್ಲಾ ಒಬ್ಬಾಕೆ ಅವ್ವ ಅಂತ ತಿಳಿದ್ಯೇನೋ ಅಯ್ಯಾ!" ಎಂದು ವಸ್ತಾದ ಹಣೆ ಚಚ್ಚಿಕೊಂಡ.

ಯಾನೋಷ್ ನೆರೆದವರ ತಲೆಗಳ ಮೇಲಿಂದ ಯಾರನ್ನೋ ಹುಡುಕುತ್ತಿದ್ದ. ನನ್ನ ಜೋಡಿ ಕುಸ್ತಿ ಹಿಡಿಯುವವನು ಎಲ್ಲಿ ಎಂದ. ಗುರುಸಿದ್ದಯ್ಯ ಗುಲಾಬಸಾಬನ ಕಡೆಗೆ ಕೈ ಮಾಡಿದ. ಯಾನೋಷ್ ಗುಲಾಬಸಾಬನನ್ನು ದಾಟಿ ಅವನ ಬೆನ್ನ ಹಿಂದೆ ಇಣುಕಿದ. ಅಲ್ಲಿ ಗೋಡೆ ಮಾತ್ರ ಇತ್ತು. ಅವನು ಕಾಟಾದ ಮೇಲೆಯೇ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕ.

"ಏನಂತಾನ?" ಕೇಳಿದ ಗುಲಾಬಸಾಬ. ತನ್ನನ್ನು ನೋಡಿ ನಕ್ಕನೆಂದು ಅವನ ಕಿವಿ ಕೆಂಡವಾಗಿದ್ದವು.

"ನಿನ್ನ ತೂಕ ನಾವು ನೂರಾ ಎಪ್ಪತ್ತೈದು ಅಂತ ತಾರ ಕೊಟ್ಟಿದ್ವಲ್ಲ, ಅದನ್ನ ಇಂವ ಕಿಲೋ ಅಂತ ತಿಳಿದಾನ. ಅಂದ್ರ ಹತ್ತಿರ ಹತ್ತಿರ ನಾಕನೂರು ರತ್ತಲು! ಅಂಥಾ ಮನಷ್ಯಾನ್ನ ಜಲ್ಮದಾಗ ಕಂಡಿಲ್ಲಂತ. ಮುಂಬೈದಾಗ ಎಲ್ಲಾರೂ ಹೋಗಬ್ಯಾಡ, ಸಾಯ್ತಿ ಅಂದ್ರಂತ. ರೈಲಿನ್ಯಾಗ ಕಣ್ಣಿಗೆ ಕಣ್ಣು ಹಚ್ಚಿಲ್ಲಂತ."

"ಮತ್ತ್ಯಾಕ ಬಂದ? ಕೇಳ್ರಿ ಅಯ್ಯಾರ."

ಗುರುಸಿದ್ದಯ್ಯ ಕೇಳಿದ. ಯಾನೋಷ್ ಕಣ್ಣೊರೆಸಿಕೊಂಡು ಗಟ್ಟಿಯಾಗಿ ಎರಡೇ ಮಾತು ಆಡಿದ.

"'ಒಪ್ಪಿಕೊಂಡಿದ್ದೆ' ಅಂತಾನ."

ಗುಲಾಬಸಾಬನ ಒಳಗೆ ನಿನ್ನೆಯಿಂದ ಕುದಿಯುತ್ತಿದ್ದದ್ದು ತಟ್ಟನೆ ತಣ್ಣಗಾಯಿತು. ಇವನು ಗುಡ್ಡದ ಜೋಡಿ ಸೆಣಸಲು ಬಂದಿದ್ದಾನೆ, ಸಾವು ಎದುರಿಗಿದೆ ಎಂದು ತಿಳಿದೂ ರೈಲು ಹತ್ತಿದ್ದಾನೆ. ತಾನೋ, ನಾಲ್ಕು ಮಂದಿ ನಕ್ಕರೆಂದು ಒಲ್ಲೆ ಎಂದವನು. ಆ ಬಿಳಿ ಮುಖವನ್ನು ಅವನು ಕಣ್ಣು ತುಂಬ ನೋಡಿದ. ಮುರಿದ ಮೂಗು, ಕುಸ್ತಿಯಲ್ಲಿ ತಿಕ್ಕಿ ತಿಕ್ಕಿ ಹಿಂಡಿಹೋದ ಕಿವಿ. ಮಾತು ಬಾರದಿದ್ದರೇನು, ಆ ಕಿವಿ ಗರಡಿಯ ಕಿವಿಯೇ.

ಸಾವಕಾರ ಪಕ್ಕಕ್ಕೆ ಬಂದು ಅವನ ಭುಜ ಹಿಡಿದ. "ಒಲ್ಲೆ ಅನ್ನಲೇ. ಈಗ ಯಾರೂ ಏನೂ ಅನ್ನೂದಿಲ್ಲ. ನಿನ್ನ ಎಲುಬು ಮುರದ್ರ ನಾಳಿ ನನ್ನ ಅಂಡಿಗಿ ಹೊರಾವ್ರು ಯಾರು?"

"ನಾನೂ ಒಪ್ಪಿಕೊಂಡೇನ್ರಿ ಸಾವಕಾರ್ರ."

ಕುಸ್ತಿಯ ದಿನ ಮಂದಿ ಗಿಡಗಳನ್ನೂ ಬಿಡದೆ ಹತ್ತಿ ಕೂತಿದ್ದರು. ಹಾಸಿಗೆಯಂಥ ಮೆತ್ತೆಯ ಮೇಲೆ ಆಡಿ ರೂಢಿಯಿದ್ದ ಯಾನೋಷನ ಪಾದ ಕೆಂಪು ಮಣ್ಣಿನಲ್ಲಿ ಹೂತುಹೋಗುತ್ತಿತ್ತು. ಅವನು ಹಿಡಿದಾಗಲೆಲ್ಲ ಗುಲಾಬಸಾಬ ತೋಳಿನಿಂದ ಮೀನಿನಂತೆ ನುಣುಚಿದ. ನುಣುಚಿದಾಗಲೆಲ್ಲ ಯಾನೋಷ್ ತಲೆದೂಗಿದ, ಹಾಡು ಕೇಳುವವರ ಹಾಗೆ. ಒಮ್ಮೆ ಗುಲಾಬಸಾಬ ಬೆನ್ನಿಗೆ ಬಂದು ಅವನ ಕಾಲು ಎಳೆದು ಮೊಣಕಾಲೂರಿಸಿದಾಗ ರುಮಾಲುಗಳು ಗಾಳಿಗೆ ಹಾರಿದವು. ಹೊತ್ತು ಇಳಿಯುವ ತನಕ ನಡೆಯಿತು. ಕಡೆಗೆ ಯಾನೋಷನ ಎರಡು ತೋಳು ಗುಲಾಬಸಾಬನ ಸೊಂಟವನ್ನು ಸುತ್ತಿಕೊಂಡವು. ನೆಲ ದೂರವಾಯಿತು, ಆಕಾಶ ಕಂಡಿತು, ಎರಡೂ ಭುಜ ಮಣ್ಣಿಗೆ ಹತ್ತಿದವು. ಬೀಳುವಾಗ ಒಂದು ಅಗಲವಾದ ಅಂಗೈ ತನ್ನ ತಲೆಯ ಕೆಳಗೆ ಬಂದು ಕುತ್ತಿಗೆಯನ್ನು ಉಳಿಸಿದ್ದು ಗುಲಾಬಸಾಬನಿಗೆ ಮಾತ್ರ ಗೊತ್ತಾಯಿತು.

ಸಾವಕಾರ ಕಾಲಿನ ಜೋಡು ಕಳಚದೆ ಕಣಕ್ಕೆ ಹಾರಿದ. ಅವನಿಗೆ ಈಗ ಊರಿನ ಮರ್ಯಾದೆ ನೆನಪಾಗಿತ್ತು.

"ಇದು ಕುಸ್ತಿನ ಅಲ್ಲ! ತೂಕದಾಗ ಮೋಸ ಆಗೇತಿ! ರದ್ದು!"

"ರದ್ದು! ರದ್ದು!" ಎಂದು ಗಿಡದ ಮೇಲಿನವರೂ ಕೂಗಿದರು.

"ಗುಲಾಬ, ಹುಲಿ ನೀನು! ಮೋಸ ಆಗೇತಿ, ಈ ಸೋಲು ಲೆಕ್ಕಕ್ಕಿಲ್ಲ ಅಂತ ಒಂದ ಮಾತು ಹೇಳಿಬಿಡು ಸಾಕು. ಮುಂದಿನ ತಿಂಗಳ ನಿನ್ನ ತೂಕದಾವ್ನ ತಂದು ನಾನ ಜೋಡಿ ಹಚ್ಚತೇನಿ. ಪೇಟಾ ಸುತ್ತಿ ಮೆರವಣಿಗಿ ಮಾಡಸ್ತೇನಿ. ಹೇಳಲೇ ಪೈಲ್ವಾನ!"

ಗುರುಸಿದ್ದಯ್ಯ ಯಾನೋಷನ ಕಿವಿಯಲ್ಲಿ ಏನೋ ಉಸುರಿದ. ಯಾನೋಷನ ಮುಖ ಇಳಿಯಿತು, ಕೈಯಲ್ಲಿದ್ದುದನ್ನು ಕಸಿದುಕೊಂಡಾಗ ಇಳಿಯುವಂತೆ. ಗುಲಾಬಸಾಬ ಅದನ್ನು ನೋಡಿದ. ರದ್ದಾದರೆ ಸೋಲೊಂದೇ ಹೋಗುವುದಿಲ್ಲ; ಸಿಕ್ಕ ಖರೇ ಕುಸ್ತಿಯೂ ಹೋಗುತ್ತದೆ.

"ಲೇ, ರದ್ದು ಅನ್ನು! ಹೇಳೋ!" ಎಂದ ಸಾವಕಾರ.

ಗುಲಾಬಸಾಬ ವಸ್ತಾದನ ಕೈಯಿಂದ ಅಂಗಿ ಇಸಿದುಕೊಂಡ. ಸೋಲಿನ ಗುರುತಾದ ಬೆನ್ನಿನ ಮಣ್ಣು ಜಾಡಿಸದೆ ಅದನ್ನು ಹೆಗಲಿಗೆ ಹಾಕಿಕೊಂಡ. ಉತ್ತರಕ್ಕಾಗಿ ಕತ್ತು ಚಾಚಿದ್ದ ಮಂದಿ ತಾವಾಗಿಯೇ ದಾರಿ ಬಿಟ್ಟರು, ಅವನು ಅವರ ನಡುವೆ ಹಾದು ಹೊರಗೆ ನಡೆದುಹೋದ.