ಅರ್ಧ ಮೀಸೆಯ ಭಾಷಣ

ಕೈಯಲ್ಲಿ ಕತ್ತರಿಯೋ ಮೆಷಿನ್ನೋ ಇದ್ದರೆ ಸೆಲೂನಿನವನು ಮಾತಿನ ಮಲ್ಲ. ಕೂತವರ ತಲೆ ಹಗುರಾಗುವಷ್ಟರಲ್ಲಿ ಬೀದಿಯ ಕಷ್ಟಸುಖವನ್ನೆಲ್ಲ ಆಡಿ ಮುಗಿಸುತ್ತಿದ್ದ. ಆ ಮಾತು ಕೇಳಿಯೇ ಜನ ಅವನನ್ನು ವಾರ್ಡಿನ ಚುನಾವಣೆಗೆ ನಿಲ್ಲಿಸಿದ್ದು. ಆದರೆ ಮಗಳು ವಿಡಿಯೋ ಮಾಡಲು ಫೋನು ಎತ್ತಿ ಹಿಡಿದು, "ಹೂಂ, ಮಾತಾಡಪ್ಪ" ಅಂದಳೋ, ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು.

ಎದುರಾಳಿಯೋ ಡ್ರೋನ್ ಹಾರಿಸಿ, ಸಂಗೀತ ಹಾಕಿಸಿ, ಕೂದಲು ಹಾರಾಡಿಸುತ್ತ ನಿಧಾನವಾಗಿ ನಡೆದು ಬರುವ ವಿಡಿಯೋಗಳನ್ನು ಎಲ್ಲರ ಫೋನಿಗೂ ತುಂಬಿದ್ದ. "ಆ ಕೂದಲು ಕತ್ತರಿಸಿದ್ದೂ ನಾನೇ" ಎಂದು ಇವನಿಗೆ ಹೊಟ್ಟೆಯುರಿ.

ಪ್ರಚಾರ ಅಂದು ಸಂಜೆಗೆ ಮುಗಿಯುವುದಿತ್ತು. ಇವನದೊಂದು ವಿಡಿಯೋವೂ ಇಲ್ಲ. ಮಗಳು ಉಪಾಯ ಹೂಡಿದಳು.

"ಮಾವ, ನೀನು ಕುರ್ಚಿಲಿ ಕೂತ್ಕೋ. ಅಪ್ಪ ಕೆಲಸ ಮಾಡ್ತಾ ಮಾತಾಡ್ಲಿ."

ಮಾವನೆಂದರೆ ಸೆಲೂನಿನವನ ಭಾವಮೈದ. ಅವನ ಹುರಿಮೀಸೆ ಮನೆತನಕ್ಕೇ ಭೂಷಣ. "ತುದಿ ಮಾತ್ರ, ಭಾವ!" ಎಂದು ಎಚ್ಚರಿಸಿಯೇ ಕೂತ.

ಮೆಷಿನ್ನು ಗುಂಯ್ ಅಂದದ್ದೇ ತಡ, ಮಾತು ಹೊರಟಿತು. ಶಾಲೆ ಎದುರಿನ ತೆರೆದ ಚರಂಡಿ, ಅದನ್ನು ಹಾರುವ ಮಕ್ಕಳು. "ನಮ್ಮತ್ತೆ ಬಿದ್ದು ಸೊಂಟ ಮುರ್ಕೊಂಡಿದ್ದೂ ಅಲ್ಲೇ. ಅವತ್ತಿಂದ ಕಿಟಕಿ ಹತ್ರ ಕೂತೇ ಬೀದಿ ನೋಡ್ತಾರೆ, ಕೆಳಗಿಳಿಯೋಕೆ ಧೈರ್ಯ ಇಲ್ಲ. ಏನು ಮಹಾ ಕೆಲಸ ಸ್ವಾಮಿ? ಇಲ್ಲಿಂದ ಶುರು ಮಾಡಿ, ಹೀಗೆ ನೇರವಾಗಿ, ಈ ಮೂಲೆವರೆಗೂ ಚಪ್ಪಡಿ ಹಾಕಿದ್ರೆ ಆಯ್ತು!"

ಆವೇಶದಲ್ಲಿ ಮೆಷಿನ್ನಿನಿಂದಲೇ ದಾರಿ ತೋರಿಸಿದ. ಅದು ಹಾದುಹೋದದ್ದು ಭಾವಮೈದನ ಮೇಲ್ದುಟಿಯ ಮೇಲೆ.

ಅರ್ಧ ಮೀಸೆ ಮಡಿಲಿಗೆ ಬಿತ್ತು.

"ಅಯ್ಯೋ! ಅಳಿಸೇ ಆ ವಿಡಿಯೋನ! ನಾಳೆ ಹೇಗೆ ತಲೆ ಎತ್ಕೊಂಡು ಓಡಾಡ್ಲಿ?" ಎಂದು ಕಿರುಚಿದ ಭಾವಮೈದ.

ಮಗಳು ಅಪ್ಪನ ಮುಖ ನೋಡಿದಳು. ಅಷ್ಟು ಚೆನ್ನಾಗಿ ಅವನು ಇನ್ನೊಮ್ಮೆ ಮಾತಾಡಲಾರ.

"ಅಳಿಸಮ್ಮ," ಎಂದ ಸೆಲೂನಿನವನು, ಮುಖ ಸಣ್ಣದು ಮಾಡಿಕೊಂಡು. "ಓಟು ಹೋದ್ರೆ ಹೋಗ್ಲಿ. ಇವನ ಮಾನ ಹರಾಜು ಹಾಕಿ ಗೆಲ್ಲೋದು ಬೇಡ."

ಭಾವಮೈದ ಫೋನು ಕಿತ್ತುಕೊಂಡ. "ಎಷ್ಟು ಕೆಟ್ಟದಾಗಿ ಕಾಣ್ತೀನೋ ನೋಡ್ತೀನಿ." ನೋಡಿದ. ಅಮ್ಮನ ಕಿಟಕಿಯ ಮಾತು ಬಂದಾಗ ಕಣ್ಣು ಒರೆಸಿಕೊಂಡ. ಮತ್ತೊಮ್ಮೆ ನೋಡಿದ.

"ಹಾಕಮ್ಮ," ಅಂದ ಕೊನೆಗೆ. "ಭಾವ, ಈ ಮೀಸೆ ಮೊದಲಿನ ಹಾಗೆ ಬೆಳೆಯೋದ್ರೊಳಗೆ ಚಪ್ಪಡಿ ಬೀಳ್ಬೇಕು. ಇಲ್ಲಾಂದ್ರೆ ಮುಂದಿನ ವಿಡಿಯೋದಲ್ಲಿ ಮೆಷಿನ್ನು ನನ್ನ ಕೈಲಿ, ತಲೆ ನಿಂದು."

ಮತ್ತೆ ಕುರ್ಚಿಗೊರಗಿ ಗಲ್ಲ ಎತ್ತಿಕೊಟ್ಟ. "ತೆಗಿ, ಇನ್ನರ್ಧಾನೂ ತೆಗಿ. ಈ ಸಲ ಬಾಯಿ ಮುಚ್ಕೊಂಡು."